ದೊಡ್ಡ ಅಕ್ಷರದಲ್ಲಿ ಸಾಧನೆ, ಸಣ್ಣ ಅಕ್ಷರದಲ್ಲಿ ಸತ್ಯ: ಇದಕ್ಕೆ ಹೊಣೆ ಯಾರು?

ತೆಂಗಿನಗರಿ
ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಒಂದು ಕಂಪನಿಯವರು ಕುಡಿಯುವ ನೀರಿನ ಫಿಲ್ಟರ್ ಹಾಕಿಸಿಕೊಟ್ಟಿದ್ದಾರೆ. ಒಳ್ಳೆಯ ಕೆಲಸವೇ. ಫಿಲ್ಟರ್ ಅಂದರೆ ಗೋಡೆಗೆ ಬಡಿದ ಒಂದು ಪೆಟ್ಟಿಗೆ, ಎರಡು ನಲ್ಲಿ. ಅದರ ಮೇಲಿನ ಬೋರ್ಡ್ ಮಾತ್ರ ಶಾಲೆಯ ಹೆಸರಿನ ಬೋರ್ಡಿಗಿಂತ ದೊಡ್ಡದು. ಕಂಪನಿ ಲೋಗೋ, ಶಾಸಕರ ಫೋಟೋ, ಉಸ್ತುವಾರಿ ಸಚಿವರ ಫೋಟೋ, ಕೈಮುಗಿದು ನಿಂತ ಇನ್ಯಾರೋ ಇಬ್ಬರು. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅನ್ನೋದು ಮಾತ್ರ ಎಲ್ಲೂ ಬರೆದಿಲ್ಲ. ಈಗ ಅದು ಕೆಟ್ಟಿದೆ. ಮಕ್ಕಳು ಮನೆಯಿಂದ ಬಾಟಲಿ ತರುತ್ತಿದ್ದಾರೆ. ಬೋರ್ಡ್ ಹೊಳೆಯುತ್ತಾ ಇದೆ.

ಇನ್ನೊಂದು ಕಡೆ ಪೇಪರ್ ತೆಗೆದರೆ ಮುಖಪುಟ ಪೂರ್ತಿ ಸರ್ಕಾರದ ಸಾಧನೆ. ಸುದ್ದಿ ಮೂರನೇ ಪುಟಕ್ಕೆ ಹೋಗಿರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಕಂಪನಿ, ಪಕ್ಷ, ಸರ್ಕಾರ ಯಾರೇ ಆಗಲಿ, ಜನರ ಹತ್ತಿರ ಮಾತಾಡುವಾಗ ಅವರಿಗೆ ಕಾನೂನಿನ ಪ್ರಕಾರ ಏನಾದರೂ ಹೊಣೆ ಇದೆಯಾ? ಅಥವಾ ದುಡ್ಡು ಕೊಟ್ಟವರು ಏನು ಬೇಕಾದರೂ ಬರೆಸಬಹುದಾ? ಗೊತ್ತಿರುವವರು ಹೇಳಿ. ದಯವಿಟ್ಟು ಪಕ್ಷದ ಜಗಳ ಬೇಡ.

ಶುಂಠಿಕಾಫಿ
ಪಕ್ಷದ ಜಗಳ ಬೇಡ ಅಂದ್ರಲ್ಲ, ಇನ್ನು ಹತ್ತು ನಿಮಿಷದಲ್ಲಿ ಶುರು.

ಲೆಕ್ಕದಪುಸ್ತಕ
ಮೊದಲು ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜಕ್ಕಾಗಿ ಮಾಡಬೇಕಾದ ಖರ್ಚಿನ ವಿಷಯ ಹೇಳಿಬಿಡುತ್ತೇನೆ, ನನ್ನ ಕೆಲಸವೇ ಅದು.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ. ಈ ಮೂರರಲ್ಲಿ ಒಂದು ಮುಟ್ಟಿದರೂ ಸಾಕು, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಖರ್ಚು ಮಾಡಬೇಕು. ಮಾಡದೆ ಉಳಿಸಿಕೊಂಡರೆ ಆ ದುಡ್ಡನ್ನು ಬೇರೆ ಖಾತೆಗೋ, ಸರ್ಕಾರ ಹೇಳಿದ ನಿಧಿಗೋ ಹಾಕಬೇಕು. ಅಂದರೆ ಇದು ದಾನ ಅಲ್ಲ. 'ನಮ್ಮ ಹೃದಯವಂತಿಕೆ' ಅಂತ ಬೋರ್ಡಿನಲ್ಲಿ ಬರೆಯುವ ಕಂಪನಿಗಳನ್ನು ನೋಡಿದರೆ ನನಗೆ ನಗು ಬರುತ್ತದೆ.

ತಮಾಷೆ ಏನಂದರೆ, ತನ್ನ ಸರಕಿನ ಪ್ರಚಾರಕ್ಕೆ ಅನುಕೂಲ ಆಗಲಿ ಅಂತ ಪ್ರಾಯೋಜಕತ್ವ ಕೊಟ್ಟರೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮದಲ್ಲೇ ಇದೆ. ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆಯೂ ಬರುವುದಿಲ್ಲ. ಶಾಸಕರ ಫೋಟೋ ಹಾಕಬೇಕು ಅಂತ ಎಲ್ಲೂ ಇಲ್ಲ. ಯಾವ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದೇವೆ ಅಂತ ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ಮಾತ್ರ ಇದೆ. ಗೋಡೆ ಮೇಲೆ ಹಾಕಿದಷ್ಟು ಆಸೆಯಿಂದ ಅಲ್ಲಿ ಯಾರೂ ಹಾಕುವುದಿಲ್ಲ.

ಗಾಳಿಮಾತು
ಹಂಗಾದ್ರೆ ತೆರಿಗೆ ಉಳಿಸೋಕೆ ಮಾಡ್ತಾರೆ ಅಂತಾಯ್ತು. ನಮ್ಮದೇ ದುಡ್ಡು ನಮಗೇ.

ಲೆಕ್ಕದಪುಸ್ತಕ
ಇಲ್ಲ. ಸಿಎಸ್‌ಆರ್ ದುಡ್ಡನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ಆದಾಯ ತೆರಿಗೆ ಕಡಿಮೆ ಮಾಡಿಕೊಳ್ಳಲು ಬರುವುದಿಲ್ಲ. ಈ ಮಾತು ಎಲ್ಲಾ ಗುಂಪಿನಲ್ಲೂ ಓಡಾಡುತ್ತದೆ, ಸುಮ್ನೆ ನಂಬಬೇಡಿ.

ಮೇಷ್ಟ್ರು 62
ಕಂಪನಿಗಳನ್ನು ಬೈಯುವುದು ಸುಲಭ. ನಾನು ನಿವೃತ್ತ ಮುಖ್ಯ ಶಿಕ್ಷಕ. ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು ಅಂತ ಇಲಾಖೆಗೆ ಬರೆದು ಬರೆದು ಪೆನ್ನು ಸವೆಯಿತು. ಕೊನೆಗೆ ಕಟ್ಟಿಸಿಕೊಟ್ಟಿದ್ದು ಒಂದು ಕಾರ್ಖಾನೆಯವರು. ಬೋರ್ಡ್ ಎಷ್ಟು ದೊಡ್ಡದಾದರೂ ಹಾಕಿಕೊಳ್ಳಲಿ ಅಂದೆ.

ಬೇಜಾರಾಗಿದ್ದು ಉದ್ಘಾಟನೆಯ ದಿನ. ಬೆಳಗ್ಗೆ ಹತ್ತಕ್ಕೆ ಬರುತ್ತೇನೆ ಅಂದ ಗಣ್ಯರು ಮಧ್ಯಾಹ್ನ ಬಂದರು. ಮಕ್ಕಳು ಅಷ್ಟು ಹೊತ್ತು ಕೈಯಲ್ಲಿ ಗುಲಾಬಿ ಹಿಡಿದುಕೊಂಡು ಬಿಸಿಲಲ್ಲಿ. ಫೋಟೋಗ್ರಾಫರ್ ಬಂದು 'ಸಾರ್, ಸ್ವಲ್ಪ ಹಳೇ ಯೂನಿಫಾರ್ಮ್ ಹಾಕಿರೋ ಮಕ್ಕಳನ್ನ ಮುಂದೆ ನಿಲ್ಲಿಸಿ' ಅಂದ. ನಾನು ಆಗಲ್ಲ ಅಂದೆ. ಅವನು ತಾನೇ ಆರಿಸಿ ನಿಲ್ಲಿಸಿದ.

ರಾತ್ರಿಪಾಳಿ
ಮೇಷ್ಟ್ರೇ, ಆ ಫೋಟೋಗ್ರಾಫರ್‌ನನ್ನು ಕಳಿಸುವವರು ನಮ್ಮಂಥವರು. ಜಾಹೀರಾತು ಏಜೆನ್ಸಿಯಲ್ಲಿ ಬರೆಯುತ್ತೇನೆ, ವಾರ್ಷಿಕ ವರದಿಗಳ ಸಿಎಸ್‌ಆರ್ ಪುಟಗಳೂ ನನ್ನ ಪಾಲಿಗೆ ಬರುತ್ತವೆ.

ಒಳಗಿನ ಕಥೆ ಹೇಳುತ್ತೇನೆ, ಹೆಸರು ಕೇಳಬೇಡಿ. ಶಾಲೆಗೆ ಒಂದು ನಲ್ಲಿ ಹಾಕಿದರೆ ಶಾಲೆಯ ಹಾಜರಿ ಪುಸ್ತಕದಲ್ಲಿರುವ ಎಲ್ಲಾ ಮಕ್ಕಳೂ 'ಫಲಾನುಭವಿಗಳು'. ಮುಂದಿನ ವರ್ಷ ಅದೇ ನಲ್ಲಿಗೆ ಬಣ್ಣ ಹೊಡೆಸಿದರೆ ಅದೇ ಮಕ್ಕಳು ಮತ್ತೆ ಹೊಸ ಫಲಾನುಭವಿಗಳು. ಎರಡೂ ವರ್ಷದ್ದು ಕೂಡಿಸಿ 'ಇಲ್ಲಿಯವರೆಗೆ ಇಷ್ಟು ಸಾವಿರ ಬದುಕು ಬದಲಾಯಿತು' ಅಂತ ತಲೆಬರಹ. ನಲ್ಲಿಯಲ್ಲಿ ನೀರು ಬರುತ್ತಾ ಅಂತ ನಾನು ಒಮ್ಮೆ ಮೀಟಿಂಗಿನಲ್ಲಿ ಕೇಳಿದೆ. 'ಅದು ಬೇರೆ ಟೀಮಿನವರ ವಿಷಯ' ಅಂದರು. ಅದರಲ್ಲಿ ಸುಳ್ಳಿನ ಒಂದು ಸಾಲೂ ಇಲ್ಲ ನೋಡಿ. ಲೆಕ್ಕ ಎಲ್ಲಾ ಸರಿ. ಓದಿದವರ ತಲೆಯಲ್ಲಿ ಉಳಿಯುವುದು ಮಾತ್ರ ಸುಳ್ಳು.

ಲೆಕ್ಕದಪುಸ್ತಕ
ಇದಕ್ಕೆ ಒಂದು ಕಾರಣ ಇದೆ. ಹೊರಗಿನವರಿಂದ ಪರಿಣಾಮದ ಅಧ್ಯಯನ ಮಾಡಿಸಬೇಕು ಅನ್ನುವ ನಿಯಮ 2021ರಲ್ಲಿ ಬಂತು. ಆದರೆ ಅದು ಸರಾಸರಿ 10 ಕೋಟಿಗಿಂತ ಕಡಿಮೆ ಇಲ್ಲದ ಸಿಎಸ್‌ಆರ್ ಹೊಣೆ ಇರುವ ಕಂಪನಿಗೆ ಮಾತ್ರ, ಅದೂ 1 ಕೋಟಿ ಅಥವಾ ಜಾಸ್ತಿ ಖರ್ಚಿನ ಯೋಜನೆಗೆ. ಗೋಡೆ ಫಿಲ್ಟರ್ ಈ ಬಲೆಗೆ ಬೀಳುವುದೇ ಇಲ್ಲ.

ತೆಂಗಿನಗರಿ ಅವರೇ, ಇನ್ನೊಂದು ಮಾತು. ಸಿಎಸ್‌ಆರ್ ದುಡ್ಡಿನಲ್ಲಿ ಮಾಡಿದ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವಂತಿಲ್ಲ. ಟ್ರಸ್ಟಿಗೋ, ಫಲಾನುಭವಿಗಳ ಸಂಘಕ್ಕೋ, ಸರ್ಕಾರಿ ಸಂಸ್ಥೆಗೋ ಒಪ್ಪಿಸಬೇಕು. ಹಾಗಾಗಿ ಆ ಫಿಲ್ಟರ್ ಈಗ ಬಹುಶಃ ಶಾಲೆಯದ್ದೇ. ಶಾಲೆಗೆ ರಿಪೇರಿ ದುಡ್ಡಿಲ್ಲ. ಕಂಪನಿಗೆ ರಿಪೇರಿಯಲ್ಲಿ ಫೋಟೋ ಇಲ್ಲ.

ಗಾಳಿಮಾತು
ಸರ್ಕಾರಿ ಜಾಹೀರಾತಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಮುಖ್ಯಮಂತ್ರಿ ಫೋಟೋ ಹಾಕಬಾರದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಯಾರು ಕೇಳ್ತಾರೆ?

ಹಳೇಪೇಪರ್
ಅರ್ಧ ಸರಿ. 2015ರ ಮೇ 13ರ ತೀರ್ಪಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಇವರ ಫೋಟೋ ಮಾತ್ರ ಸಾಕು ಅಂದಿತ್ತು. ಅದಕ್ಕೂ ಮೊದಲು ಕಾನೂನು ತಜ್ಞ ಎನ್.ಆರ್. ಮಾಧವ ಮೆನನ್ ನೇತೃತ್ವದ ಸಮಿತಿ ಮಾರ್ಗಸೂಚಿ ಬರೆದುಕೊಟ್ಟಿತ್ತು. ಆಮೇಲೆ ಕೇಂದ್ರವೂ ಹಲವು ರಾಜ್ಯಗಳೂ ಕೋರ್ಟಿಗೆ ಹೋದವು. 2016ರ ಮಾರ್ಚ್‌ನಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿ, ಸಚಿವರ ಫೋಟೋಗೂ ಒಪ್ಪಿಗೆ ಸಿಕ್ಕಿತು. ಬೇರೆ ಬೇರೆ ಪಕ್ಷದ ಸರ್ಕಾರಗಳು ಒಂದೇ ದನಿಯಲ್ಲಿ ಮಾತಾಡಿದ ಅಪರೂಪದ ಕೇಸು ಅದು. ಅಂದರೆ ಯಾವ ಪಕ್ಷ ಅಂತ ಬೆರಳು ತೋರಿಸುವ ಹಾಗಿಲ್ಲ, ಶುಂಠಿಕಾಫಿಯವರು ನಿರಾಶರಾಗಬಾರದು.

ಫೋಟೋಗಿಂತ ಮುಖ್ಯವಾದ ಮಾತು ಆ ಮಾರ್ಗಸೂಚಿಯಲ್ಲಿ ಇನ್ನೂ ಉಳಿದಿದೆ. ಸರ್ಕಾರದ ಜಾಹೀರಾತು ಜನರಿಗೆ ಮಾಹಿತಿ ಕೊಡಬೇಕು, ಆಳುವ ಪಕ್ಷಕ್ಕೆ ಲಾಭ ಮಾಡಿಕೊಡಬಾರದು, ವಿರೋಧಿಗಳನ್ನು ಹಳಿಯಬಾರದು, ಖರ್ಚು ಹಿಡಿತದಲ್ಲಿರಬೇಕು. ಇದನ್ನು ಹಿಡಿದು ಯಾವುದೇ ಪೂರ್ಣಪುಟದ ಜಾಹೀರಾತು ಓದಿ ನೋಡಿ. ಅರ್ಜಿ ಎಲ್ಲಿ ಹಾಕಬೇಕು, ಕೊನೇ ದಿನಾಂಕ ಯಾವಾಗ, ಯಾವ ದಾಖಲೆ ಬೇಕು ಅನ್ನೋದು ಇದ್ದರೆ ಮಾಹಿತಿ. ಬರೀ ನಗುಮುಖ ಇದ್ದರೆ ಏನು ಅಂತ ನೀವೇ ಹೇಳಿ.

ಬಿಸಿಲುಕುದುರೆ
ಕೋವಿಡ್ ವ್ಯಾಕ್ಸಿನ್ ಸರ್ಟಿಫಿಕೇಟಿನಲ್ಲಿದ್ದ ಪ್ರಧಾನಿ ಫೋಟೋ ನೆನಪಿದೆಯಾ? 2021ರಲ್ಲಿ ಚುನಾವಣೆ ಇದ್ದ ರಾಜ್ಯಗಳಲ್ಲಿ ತೆಗೆಯಬೇಕಾಯ್ತು. ಪಕ್ಕದ ರಾಜ್ಯದಲ್ಲಿ ಇತ್ತು. ಅದೇ ಲಸಿಕೆ.

ಶುಂಠಿಕಾಫಿ
ನಾನು ಹೇಳಿದ್ದೆ ತಾನೇ? ಇಗೋ ಶುರು.

ಅಡ್ಮಿನ್
ಇಲ್ಲಿಯವರೆಗೆ ಚೆನ್ನಾಗಿದೆ. ಹೀಗೇ ಇರಲಿ.

ಪ್ರೆಸ್ಸಿನ ಹುಡುಗ
ಸಣ್ಣ ಅಕ್ಷರದ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಮ್ಮಪ್ಪ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದರು, ಈಗ ನಾನು. ಚುನಾವಣೆ ಬಂತು ಅಂದರೆ ನಮಗೆ ಸೀಸನ್.

ಜನಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಚುನಾವಣೆಯ ಕರಪತ್ರದಲ್ಲಿ ಮುದ್ರಕರ ಹೆಸರು, ವಿಳಾಸ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಮಾಡಿಸುವವರು ತಮ್ಮ ಗುರುತಿನ ಘೋಷಣೆ ಬರೆದು, ಇಬ್ಬರು ಪರಿಚಿತರ ಸಹಿ ಹಾಕಿಸಿ ಎರಡು ಪ್ರತಿ ಕೊಡಬೇಕು. ಅಚ್ಚಾದ ಮೇಲೆ ನಾವು ಅದನ್ನು ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅಪ್ಪ ಆ ಸಾಲು ಇಲ್ಲದ ಪ್ರೂಫನ್ನು ಮೆಷಿನ್ ಹತ್ತಿರಕ್ಕೇ ಬಿಡುತ್ತಿರಲಿಲ್ಲ. ಬಂದವರು 'ಯಜಮಾನ್ರೇ, ಆ ಲೈನು ಸ್ವಲ್ಪ ಸಣ್ಣದಾಗಿ ಹಾಕಿ' ಅನ್ನೋರು. ಅಪ್ಪ ಆರು ಪಾಯಿಂಟಿನಲ್ಲಿ ಕೂರಿಸೋರು. ಎದುರಾಳಿಯನ್ನು ಬೈದಿರುವ ಕರಪತ್ರ ಆದರೆ 'ಪ್ರಕಾಶಕರು: ಹಿತೈಷಿಗಳು' ಅಂತ ಬರೆಸಲು ಬರೋರು. ಹಿತೈಷಿ ಅನ್ನೋ ಮನುಷ್ಯನ ಮನೆ ಯಾವ ಬೀದಿಯಲ್ಲಿದೆ ಅಂತ ಅಪ್ಪ ಕೇಳಿದರೆ ಎದ್ದು ಹೋಗಿಬಿಡೋರು. ಈಗ ಅವರು ನಮ್ಮ ಹತ್ತಿರ ಬರುವುದೇ ಇಲ್ಲ. ಅದೇ ಮಾತು ವಾಟ್ಸಾಪಿನಲ್ಲಿ ಬರುತ್ತದೆ, ಅಲ್ಲಿ ಪ್ರೆಸ್ಸೂ ಇಲ್ಲ, ಬೀದಿಯೂ ಇಲ್ಲ.

ರಾತ್ರಿಪಾಳಿ
'ಪ್ರಕಾಶಕರು: ಹಿತೈಷಿಗಳು' ಕೇಳಿ ಒಬ್ಬನೇ ನಗ್ತಾ ಇದ್ದೀನಿ.

ನೆಟ್ಟಗೆ ಮಾತು
ಎಲ್ಲರೂ ಹೀಗೇ ಕಾನೂನು ಕಾನೂನು ಅಂತಿದ್ದೀರಿ. ಜನ ಅಷ್ಟು ದಡ್ಡರಾ? ಪೂರ್ಣಪುಟ ಜಾಹೀರಾತು ನೋಡಿ ಯಾರೂ ವೋಟು ಹಾಕುವುದಿಲ್ಲ, ಆ ಪೇಪರಿನಲ್ಲಿ ಬೋಂಡಾ ಕಟ್ಟಿಸಿಕೊಳ್ಳುತ್ತಾರೆ. ಯಾವ ಮಾತು ಸರಿ, ಯಾವುದು ಸುಳ್ಳು ಅಂತ ತೀರ್ಮಾನ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರೆ ಮೊದಲು ಬಾಯಿ ಮುಚ್ಚಿಸಿಕೊಳ್ಳುವವರು ನಾವು. ಐಟಿ ಕಾಯ್ದೆಯ 66ಎ ಸೆಕ್ಷನ್ ನೆನಪಿದೆ ತಾನೇ? ಫೇಸ್‌ಬುಕ್ಕಿನಲ್ಲಿ ಎರಡು ಸಾಲು ಬರೆದವರನ್ನು ಹಿಡಿದುಕೊಂಡು ಹೋದರು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡುವವರೆಗೂ ನಡೆಯಿತು. ಆಮೇಲೆ ಕೇಂದ್ರ ಸರ್ಕಾರ ತನ್ನ ಬಗ್ಗೆ ಬಂದ ಸುದ್ದಿ ನಿಜವೋ ಸುಳ್ಳೋ ಅಂತ ತಾನೇ ಹೇಳುವ ಘಟಕ ಮಾಡಲು ಹೊರಟಿತು. 2024ರಲ್ಲಿ ಬಾಂಬೆ ಹೈಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು. ಹೊಣೆಗಾರಿಕೆ ಅನ್ನೋ ಹೆಸರಲ್ಲಿ ಲಗಾಮು ಯಾರ ಕೈಗೆ ಕೊಡುತ್ತಿದ್ದೀರಿ ಅಂತ ಯೋಚನೆ ಮಾಡಿ.

ಹಳೇಪೇಪರ್
ಒಪ್ಪುತ್ತೇನೆ. ಆದರೆ ನೀವು ಎರಡು ವಿಷಯ ಕಲಸುತ್ತಿದ್ದೀರಿ. ಒಬ್ಬ ಸಾಮಾನ್ಯ ಮನುಷ್ಯ ಬಾಯಿಗೆ ಬಂದದ್ದು ಹೇಳುವುದು ಬೇರೆ. ತೆರಿಗೆ ದುಡ್ಡಿನಲ್ಲಿ ಜಾಹೀರಾತು ಕೊಡುವುದು ಬೇರೆ. ಎರಡನೆಯದಕ್ಕೆ 'ಇದು ನಿಜವಾ' ಅಂತ ಕೇಳುವ ಮೊದಲು 'ಇದಕ್ಕೆ ಎಷ್ಟು ಖರ್ಚಾಯಿತು, ಯಾರ ದುಡ್ಡು' ಅಂತ ಕೇಳಬಹುದು. ಅದಕ್ಕೆ ಯಾರ ಬಾಯಿಯನ್ನೂ ಮುಚ್ಚಿಸಬೇಕಾಗಿಲ್ಲ.

ಗಿರಿಜಕ್ಕನ ಮಗಳು
ಹೌದು, ನನಗೂ ಅದೇ ಅನಿಸೋದು. ಫಿಲ್ಟರಿಗೆ ಆಳೆತ್ತರದ ಬೋರ್ಡ್ ಹಾಕುವ ಕಂಪನಿಗಳು ಪಕ್ಷಕ್ಕೆ ದುಡ್ಡು ಕೊಟ್ಟಾಗ ಯಾಕೆ ಬೋರ್ಡ್ ಹಾಕುವುದಿಲ್ಲ?

ಹಿಂದೆ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ 7.5% ಮೀರಿ ಪಕ್ಷಗಳಿಗೆ ಕೊಡುವಂತಿರಲಿಲ್ಲ, ಯಾವ ಪಕ್ಷಕ್ಕೆ ಎಷ್ಟು ಅಂತ ಲೆಕ್ಕಪತ್ರದಲ್ಲಿ ತೋರಿಸಬೇಕಿತ್ತು. 2017ರಲ್ಲಿ ಮಿತಿಯೂ ಹೋಯಿತು, ಪಕ್ಷದ ಹೆಸರು ಹೇಳುವುದೂ ತಪ್ಪಿತು. 2018ರಲ್ಲಿ, ಕೊಟ್ಟವರ ಹೆಸರು ಜನರಿಗೆ ಗೊತ್ತಾಗದ ಹಾಗೆ ಪಕ್ಷಕ್ಕೆ ದುಡ್ಡು ಕೊಡುವ ಚುನಾವಣಾ ಬಾಂಡ್ ಬಂತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದು ಮಾಡಿದಾಗ ಹೇಳಿದ ಮುಖ್ಯ ಕಾರಣ ಮತದಾರನ ತಿಳಿಯುವ ಹಕ್ಕು. ಮಾರ್ಚ್‌ನಲ್ಲಿ ಬಾಂಡ್ ಕೊಂಡವರ ಪಟ್ಟಿ ಹೊರಗೆ ಬಂದಾಗ ನಾವೆಲ್ಲ ರಾತ್ರಿ ಕೂತು ಓದಿದೆವು.

ಅಷ್ಟೂ ವರ್ಷ ಅದೇ ಕಂಪನಿಗಳ ವಾರ್ಷಿಕ ವರದಿಯಲ್ಲಿ ಪಾರದರ್ಶಕತೆ, ಪ್ರಾಮಾಣಿಕತೆ ಅಂತ ಪುಟಗಟ್ಟಲೆ ಇತ್ತು. ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರುವಾಗ ಹೊಣೆಯಿಂದ, ಪಾರದರ್ಶಕವಾಗಿ ನಡೆದುಕೊಳ್ಳಬೇಕು ಅನ್ನೋದು ಕಂಪನಿಗಳು ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ 2019ರ ರಾಷ್ಟ್ರೀಯ ಮಾರ್ಗಸೂಚಿಯ 7ನೇ ತತ್ವ. ಷೇರುಪೇಟೆಯ ದೊಡ್ಡ 1000 ಕಂಪನಿಗಳು ಇದರ ಬಗ್ಗೆ ಪ್ರತಿ ವರ್ಷ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ವರದಿ ಕೊಡಬೇಕು. ಆ 7ನೇ ತತ್ವದ ಪುಟ ತೆಗೆದು ಓದಿ. ಬಹಳ ಕಡೆ ಯಾವ್ಯಾವ ವ್ಯಾಪಾರ ಸಂಘಗಳ ಸದಸ್ಯರು ಅನ್ನೋ ಪಟ್ಟಿ ಮುಗಿದರೆ ಮಾತು ಮುಗಿಯಿತು.

ಲೆಕ್ಕದಪುಸ್ತಕ
ನಾನು ಅಂಥ ವರದಿ ತುಂಬಿಸಿದ್ದೇನೆ. ಗಿಡ ನೆಟ್ಟಿದ್ದಕ್ಕೆ ಆರು ಪುಟ. 7ನೇ ತತ್ವಕ್ಕೆ ಒಂದು ಟೇಬಲ್.

ನೆಟ್ಟಗೆ ಮಾತು
ದೇಣಿಗೆ ಬಹಿರಂಗವಾದರೆ ಗೆದ್ದ ಪಕ್ಷ ಸೋತವರಿಗೆ ಕೊಟ್ಟ ಕಂಪನಿಯನ್ನು ಕಾಡುತ್ತದೆ. ಗುಟ್ಟು ಇಟ್ಟಿದ್ದಕ್ಕೆ ಕಾರಣ ಅದು. ಇದಕ್ಕೆ ಉತ್ತರ ಇದೆಯಾ?

ಗಿರಿಜಕ್ಕನ ಮಗಳು
ಇದೆ. ಬಾಂಡ್ ಮಾರುತ್ತಿದ್ದದ್ದು ಸ್ಟೇಟ್ ಬ್ಯಾಂಕ್. ಆಳುವವರು ಮನಸ್ಸು ಮಾಡಿದರೆ ತಿಳಿದುಕೊಳ್ಳಬಹುದಿತ್ತು. ಗುಟ್ಟು ಇದ್ದದ್ದು ನಮ್ಮಿಂದ ಮಾತ್ರ.

ಮೇಷ್ಟ್ರು 62
ಈ ಸಣ್ಣ ಅಕ್ಷರದ ಬಗ್ಗೆ ನನ್ನದೂ ಒಂದು. ಕ್ರಿಮಿನಲ್ ಕೇಸು ಇರುವ ಅಭ್ಯರ್ಥಿಗಳು ಅದನ್ನು ಪೇಪರಿನಲ್ಲೂ ಟಿವಿಯಲ್ಲೂ ಮೂರು ಸಲ ಪ್ರಕಟಿಸಬೇಕು. ಸುಪ್ರೀಂ ಕೋರ್ಟಿನ 2018ರ ತೀರ್ಪು ಅದು. ನಮೂನೆಯಲ್ಲಿ ಅಕ್ಷರದ ಗಾತ್ರ ಕನಿಷ್ಠ 12 ಇರಬೇಕು ಅಂತಲೂ ಇದೆ. ನಾನು ಪೇಪರನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದುವ ಮನುಷ್ಯ. ಆ ಪ್ರಕಟಣೆ ನನಗೆ ಸಿಗುವುದು ಟೆಂಡರ್, ಕಾಣೆಯಾದ ದಾಖಲೆಗಳ ಪಕ್ಕದಲ್ಲಿ. ಅದೇ ಅಭ್ಯರ್ಥಿಯ ಹಸನ್ಮುಖ ಮೊದಲ ಪುಟದಲ್ಲಿ.

ಹಳೇಪೇಪರ್
2020ರಲ್ಲಿ ಇನ್ನೊಂದು ಸೇರಿತು ಮೇಷ್ಟ್ರೇ. ಕೇಸಿದ್ದವರಿಗೇ ಯಾಕೆ ಟಿಕೆಟ್ ಕೊಟ್ಟಿರಿ, ಕೇಸಿಲ್ಲದವರು ಯಾಕೆ ಸಿಗಲಿಲ್ಲ ಅಂತ ಪಕ್ಷವೇ ತನ್ನ ವೆಬ್‌ಸೈಟಿನಲ್ಲಿ ಬರೆಯಬೇಕು. 'ಗೆಲ್ಲುತ್ತಾರೆ' ಅನ್ನೋದೊಂದೇ ಕಾರಣ ಆಗಬಾರದು. ಆ ಉತ್ತರಗಳನ್ನು ಓದಿ, ಒಳ್ಳೆ ಮನರಂಜನೆ. 'ಜನಪ್ರಿಯರು, ಬಡವರ ಬಂಧು, ಕೇಸು ರಾಜಕೀಯ ಪ್ರೇರಿತ.' ಎಲ್ಲರಿಗೂ ಒಂದೇ ಅಚ್ಚು.

ಬಿಸಿಲುಕುದುರೆ
ಅಕ್ಷರದ ಗಾತ್ರ ಅಂದಾಗ ನೆನಪಾಗೋದು ದಾರಿ ತಪ್ಪಿಸುವ ಜಾಹೀರಾತಿನ ಪತಂಜಲಿ ಕಂಪನಿ ಕೇಸು. 2024ರ ಏಪ್ರಿಲ್‌ನಲ್ಲಿ ಪೇಪರಿನಲ್ಲಿ ಕ್ಷಮೆ ಕೇಳಿದ್ದೇವೆ ಅಂದಾಗ, ನಿಮ್ಮ ಜಾಹೀರಾತು ಎಷ್ಟು ದೊಡ್ಡದಿರುತ್ತೋ ಕ್ಷಮೆಯೂ ಅಷ್ಟೇ ದೊಡ್ಡದಿದೆಯಾ ಅಂತ ಸುಪ್ರೀಂ ಕೋರ್ಟ್ ಕೇಳಿತು. ಮಾರನೇ ದಿನ ದೊಡ್ಡದಾಗಿ ಬಂತು. ಇದೊಂದು ನಿಯಮ ಎಲ್ಲರಿಗೂ ಮಾಡಿದರೆ ಸಾಕು. ಸಾಧನೆ ಎಷ್ಟು ದೊಡ್ಡದಾಗಿ ಬರೆಯುತ್ತೀರೋ ತಪ್ಪನ್ನೂ ಅಷ್ಟೇ ದೊಡ್ಡದಾಗಿ ಬರೆಯಿರಿ.

ಗಾಳಿಮಾತು
ಹಂಗಾದ್ರೆ ಪೇಪರಿನವರಿಗೆ ಡಬಲ್ ಆದಾಯ.

ಪ್ರೆಸ್ಸಿನ ಹುಡುಗ
ಪೇಪರಿನವರನ್ನು ಸುಮ್ನೆ ಬಿಡಬೇಡಿ. 2009ರ ಚುನಾವಣೆ ಆದಮೇಲೆ 'ಕಾಸಿಗೆ ಸುದ್ದಿ' ಬಗ್ಗೆ ಪ್ರೆಸ್ ಕೌನ್ಸಿಲ್ ಉಪಸಮಿತಿ ವರದಿ ಬರೆದಿತ್ತು. ಜಾಹೀರಾತು ಅಂತ ಗೊತ್ತಾದರೆ ನಾವು ಹುಷಾರಾಗಿ ಓದುತ್ತೇವೆ. ಸುದ್ದಿ ವೇಷ ಹಾಕಿಕೊಂಡು ಬಂದರೆ ಏನು ಮಾಡೋದು?

ಶುಂಠಿಕಾಫಿ
ಏಲಕ್ಕಿ ಜಾಹೀರಾತಿನ ಹಾಗೆ. ಪ್ರಪಂಚದ ದೊಡ್ಡ ದೊಡ್ಡ ಸ್ಟಾರ್‌ಗಳು ಸೇರಿ ಒಂದು ಏಲಕ್ಕಿ ಪೊಟ್ಟಣಕ್ಕೆ ಅಷ್ಟು ಸಂಭ್ರಮ ಪಡ್ತಾರೆ. ನಮ್ಮ ಸಕಲೇಶಪುರದ ಬೆಳೆಗಾರರಿಗೆ ಆ ಭಾಗ್ಯ ಇಲ್ಲ.

ಗಿರಿಜಕ್ಕನ ಮಗಳು
ಕೇಂದ್ರ ಗ್ರಾಹಕ ಪ್ರಾಧಿಕಾರದ 2022ರ ಜೂನ್‌ನ ಮಾರ್ಗಸೂಚಿಯಲ್ಲಿ, ಒಂದು ಸರಕಿನ ಮುಖವಾಡದಲ್ಲಿ ಜಾಹೀರಾತು ಮಾಡಬಾರದ ಇನ್ನೊಂದನ್ನು ತೋರಿಸುವ ಅಂಥ ಮರೆಮಾಚಿದ ಜಾಹೀರಾತಿಗೆ ನಿಷೇಧ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ಮುಖ ತೋರಿಸಿದ ಸ್ಟಾರ್‌ಗೆ ಒಂದು ವರ್ಷ, ಆಮೇಲೆ ಮೂರು ವರ್ಷದವರೆಗೆ ಜಾಹೀರಾತು ಮಾಡದಂತೆ ತಡೆಯಬಹುದು. 2019ರ ಗ್ರಾಹಕ ಕಾಯ್ದೆ. ಆದರೆ ಇದೆಲ್ಲ ಸರಕು, ಸೇವೆಗೆ. ಪಕ್ಷದ ಭರವಸೆಗೆ ಗ್ರಾಹಕ ಕಾಯ್ದೆ ಇಲ್ಲ.

ಬಿಸಿಲುಕುದುರೆ
ಫ್ಲೆಕ್ಸ್ ಬಗ್ಗೆ ಯಾರೂ ಎತ್ತಲಿಲ್ಲ! 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಲ್ಲಿ ಒಂದಷ್ಟು ದಿನ ಆಕಾಶ ಕಾಣಿಸಿತ್ತು. ಈಗ ಮತ್ತೆ ನಮ್ಮ ಸರ್ಕಲ್‌ನಲ್ಲಿ ಯುವ ನಾಯಕರ ಹುಟ್ಟುಹಬ್ಬ. ಶುಭ ಕೋರುವವರ ಮುಖಗಳು ಸಿಗ್ನಲ್ ದೀಪಕ್ಕೆ ಅಡ್ಡ. ಬಯಲು ಜಾಗಗಳ ಅಂದಗೆಡಿಸಬಾರದು ಅಂತ ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆ, ಆ ನಾಯಕರು ಹುಟ್ಟುವ ಮೊದಲಿನದು.

ಅಡ್ಮಿನ್
ಫ್ಲೆಕ್ಸ್‌ಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಬನ್ನಿ.

ತೆಂಗಿನಗರಿ
ಇಷ್ಟೆಲ್ಲ ಗೊತ್ತಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಕಂಪನಿಗೆ ಆರ್‌ಟಿಐ ಹಾಕೋಣ ಅಂತಿದ್ದೇನೆ.

ಹಳೇಪೇಪರ್
ಖಾಸಗಿ ಕಂಪನಿಗೆ ಆರ್‌ಟಿಐ ನಡೆಯುವುದಿಲ್ಲ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹಾಕಿ: ಒಪ್ಪಂದದ ಪ್ರತಿ, ಹಸ್ತಾಂತರ ಪತ್ರ, ನಿರ್ವಹಣೆಯ ಷರತ್ತು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಬೋರ್ಡಿನ ಮೇಲಿನ ಸಿಟ್ಟನ್ನೆಲ್ಲ ಅದರಲ್ಲಿ ಬರೆಯಬೇಡಿ, ಪದ ಖರ್ಚಾಗುತ್ತದೆ.

ಲೆಕ್ಕದಪುಸ್ತಕ
ಕಂಪನಿಗೆ ಕೇಂದ್ರದ ಸಿಎಸ್‌ಆರ್ ಪೋರ್ಟಲ್ ನೋಡಿ, ಅಲ್ಲಿ ವರ್ಷವಾರು ಖರ್ಚು ಸಿಗುತ್ತದೆ. ಆಮೇಲೆ ಸಿಎಸ್‌ಆರ್ ಸಮಿತಿಗೆ ಒಂದು ಇಮೇಲ್. ಕೆಟ್ಟ ಫಿಲ್ಟರ್ ಮತ್ತು ಬೋರ್ಡ್ ಎರಡೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆಯಿರಿ.

ಶುಂಠಿಕಾಫಿ
ಈಗ ಗಂಭೀರವಾಗಿಯೇ ಕೇಳುತ್ತಿದ್ದೇನೆ. ಕಳೆದ ಚುನಾವಣೆಯಲ್ಲಿ ನನ್ನ ಅಜ್ಜಿಗೆ ಒಬ್ಬ ನಾಯಕರ ದನಿಯಲ್ಲಿ ಫೋನ್ ಬಂತು. 'ಅಮ್ಮಾ, ಆರೋಗ್ಯವಾಗಿದ್ದೀರಾ' ಅಂತ. ಅಜ್ಜಿ ನಿಂತುಕೊಂಡು ಮಾತಾಡಿದರು, ತಮ್ಮ ಮಂಡಿನೋವೆಲ್ಲ ಹೇಳಿಕೊಂಡರು. ರೆಕಾರ್ಡ್ ಮಾಡಿದ್ದು ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಎಐ ದನಿಗೆ ಏನಾದರೂ ನಿಯಮ ಇದೆಯಾ?

ಗಿರಿಜಕ್ಕನ ಮಗಳು
ಸುಳ್ಳು ವಿಡಿಯೋ ಗಮನಕ್ಕೆ ಬಂದ 3 ಗಂಟೆಯಲ್ಲಿ ತೆಗೆಯಬೇಕು ಅಂತ ಚುನಾವಣಾ ಆಯೋಗ 2024ರ ಮೇನಲ್ಲಿ ಪಕ್ಷಗಳಿಗೆ ಹೇಳಿತ್ತು. 2025ರಲ್ಲಿ, ಎಐನಿಂದ ಮಾಡಿದ್ದು ಅಂತ ಲೇಬಲ್ ಹಾಕಬೇಕು ಅಂತಲೂ ಬಂತು. ವಿಡಿಯೋ ಆದರೆ ಪರದೆಯ ಕನಿಷ್ಠ 10% ಜಾಗ, ಆಡಿಯೋ ಆದರೆ ಶುರುವಿನ 10% ಹೊತ್ತು.

ಶುಂಠಿಕಾಫಿ
40 ಸೆಕೆಂಡಿನ ಕರೆಗೆ 4 ಸೆಕೆಂಡ್. ಅಜ್ಜಿ ಅಷ್ಟು ಹೊತ್ತು 'ಯಾರು, ಯಾರು, ಜೋರಾಗಿ ಮಾತಾಡಿ' ಅಂತಿರುತ್ತಾರೆ.

ನೆಟ್ಟಗೆ ಮಾತು
ಅದಕ್ಕೇ ಹೇಳಿದ್ದು, ನಿಯಮದಿಂದ ಏನೂ ಆಗಲ್ಲ.

ಪ್ರೆಸ್ಸಿನ ಹುಡುಗ
ಆಗುತ್ತೆ ಗುರು. ಯಾರು ಮಾಡಿಸಿದ್ದು ಅಂತ ಹೆಸರು ಹೇಳಬೇಕು ಅಂದರೆ ಅರ್ಧ ಜನ ಎದ್ದು ಹೋಗುತ್ತಾರೆ, ನಮ್ಮ ಪ್ರೆಸ್ಸಿನಲ್ಲೇ ನೋಡಿದ್ದೀನಿ. ಶುಂಠಿಕಾಫಿಯವರೇ, ಮುಂದಿನ ಸಲ ಅಂಥ ಕರೆ ಬಂದರೆ ನಂಬರ್ ಮತ್ತು ಸಮಯ ಬರೆದಿಟ್ಟುಕೊಂಡು ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ದೂರು ಕೊಡಲು ಚುನಾವಣಾ ಆಯೋಗದ ಸಿವಿಜಿಲ್ ಆ್ಯಪ್ ಇದೆ, ಆದರೆ ಅದರಲ್ಲಿ ಗ್ಯಾಲರಿಯಿಂದ ಹಳೇದು ಹಾಕಲು ಬರುವುದಿಲ್ಲ, ಆ ಕ್ಷಣದಲ್ಲೇ ತೆಗೆದಿರಬೇಕು.